ಕಾಲುವೆಯಾಚೆಯ ವರ್ಡಕ್ಕ

ನಮ್ಮೂರಲ್ಲಿ ಎಲ್ಲ ಮನೆಗಳೂ ಬೀದಿಗೆ ಮುಖ ಮಾಡಿ ನಿಂತಿವೆ, ಒಂದನ್ನು ಬಿಟ್ಟು. ಆ ಒಂದು ಮನೆ ಮಾತ್ರ ಇನ್ನೊಂದು ಮನೆಯ ಹಿತ್ತಲಿಗೆ ಮುಖ ಮಾಡಿಕೊಂಡಿದೆ. ಹಸಿ ಇಟ್ಟಿಗೆಯ ಎರಡು ಕೋಣೆಯ ಮನೆ ಅದು. ಎದುರಿಗಿರುವುದು ಅದೇ ಇಟ್ಟಿಗೆಯ ಮಹಡಿ ಮನೆ. ನಡುವೆ ನೀರಿನ ಕಾಲುವೆ, ಕಾಲುವೆಗೆ ಅಡ್ಡಲಾಗಿ ಒಂದು ಹಲಗೆ. ಇಷ್ಟನ್ನೂ ಮಾಡಿಟ್ಟವನು ಡೆನ್ಮಾರ್ಕಿನಿಂದ ಬಂದು ಈ ಸ್ಯಾನ್‌ಪೀಟ್ ಕಣಿವೆಯಲ್ಲಿ ಬೇರೂರಿದ ನೀಲ್ಸ್ ಯೋರ್ಗೆನ್ಸನ್. ದೊಡ್ಡ ಮನೆ ಮೊದಲ ಹೆಂಡತಿ ಕಿರ್ಸ್ಟೀನಳಿಗೆ. ಚಿಕ್ಕದು ಎರಡನೆಯವಳಾದ ಮಾರೆನಳಿಗೆ. ಹಲಗೆ ಅವನಿಗೆ.

ಅದೆಲ್ಲ ಅಜ್ಜಿಯರ ಕಾಲದ ಮಾತು. ಆಮೇಲೆ ನಮ್ಮ ಧರ್ಮಸಭೆಯ ಹಿರಿಯರೇ ಇನ್ನು ಮುಂದೆ ಒಬ್ಬನಿಗೆ ಒಬ್ಬಳೇ ಎಂದು ಹೇಳಿ ಆ ಪದ್ಧತಿಗೆ ಬೀಗ ಹಾಕಿದರು. ಹಾಗಂತ ಹಲಗೆಯನ್ನು ಯಾರೂ ತೆಗೆಯಲಿಲ್ಲ. ಮೊನ್ನೆ ಮಾರ್ಚಿನಲ್ಲಿ, ಕಾಲುವೆಗೆ ಇನ್ನೂ ನೀರು ಬಿಟ್ಟಿರದ ದಿನಗಳಲ್ಲಿ, ಆ ಚಿಕ್ಕ ಮನೆಯಲ್ಲೇ ವರ್ಡಕ್ಕ ಕಣ್ಣುಮುಚ್ಚಿದಳು. ಮಾರೆನಳ ಮೊಮ್ಮಗಳು. ಹುಟ್ಟಿದ್ದೂ ಅಲ್ಲೇ, ತಾಯಿಯನ್ನು ಕಳೆದುಕೊಂಡು ಅಜ್ಜಿಯ ಮಡಿಲಲ್ಲಿ ಬೆಳೆದದ್ದೂ ಅಲ್ಲೇ. ನಮ್ಮಲ್ಲಿ ಎಲ್ಲರಿಗೂ ಎಲ್ಲರೂ ಅಕ್ಕ, ಅಣ್ಣ. ಮೇಲಿರುವವನೇ ಅಪ್ಪ ಅಂದಮೇಲೆ ಇನ್ನೇನು ಕರೆಯುವುದು! ಆದರೆ ವರ್ಡಕ್ಕ ನನಗೆ ಬರೀ ಕರೆಯುವುದಕ್ಕೆ ಅಕ್ಕನಾಗಿರಲಿಲ್ಲ. ತಿಂಗಳಿಗೊಮ್ಮೆ ಇಬ್ಬಿಬ್ಬರು ಹೆಂಗಸರು ಜೊತೆಯಾಗಿ ಮನೆಮನೆಗೆ ಹೋಗಿ ಕಷ್ಟಸುಖ ವಿಚಾರಿಸಬೇಕೆಂಬುದು ನಮ್ಮ ಕ್ರಮ. ಹೊಸದಾಗಿ ಮದುವೆಯಾಗಿ ಬಂದ ನನ್ನನ್ನು ಅವಳ ಜೊತೆಗೆ ಹಾಕಿದರು. ಆ ಜೋಡಿ ಅವಳು ಸಾಯುವವರೆಗೂ ಮುರಿಯಲಿಲ್ಲ.

ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುವುದು ಅವಳ ಕೆಲಸ. ಅವಳ ಕೈಯ ಬನ್ನು ತಿಂದ ಹುಡುಗರು ಊರು ಬಿಟ್ಟು ದೂರ ಹೋದರೂ ಅದರ ಕನವರಿಕೆ ಬಿಡುತ್ತಿರಲಿಲ್ಲ. ಮಾತು ಕಡಿಮೆ. ಆಡಿದರೆ ಸೌಟಿನಿಂದ ಬಡಿದ ಹಾಗೆ. ಮದುವೆಯಾಗಿರಲಿಲ್ಲ. ಯಾಕೆ ಅಂತ ಒಮ್ಮೆ ಕೇಳಿದ್ದೆ.

"ಒಬ್ಬ ಕುರಿಯವನು ಕೇಳಿದ್ದ ಕಣೆ. ಇಡೀ ಸಾಯಂಕಾಲ ಕುರಿ ವಿಷಯಾನೇ ಮಾತಾಡಿದ. ಕುರಿಗಾದ್ರೆ ಉಣ್ಣೆನಾದ್ರೂ ಇರುತ್ತೆ, ಇವನ ಮಾತಲ್ಲಿ ಏನಿದೆ ಅಂತ ಬೇಡ ಅಂದೆ."

ಮದುವೆಯಾಗದ ಹೆಂಗಸಿಗೆ ನಮ್ಮ ಜನ ಹೇಳುವ ಒಂದು ಸಮಾಧಾನವಿದೆ. ಚಿಂತೆ ಮಾಡಬೇಡ, ಮೇಲೆ ಹೋದಮೇಲೆ ಒಳ್ಳೆಯ ಗಂಡ ಸಿಗುತ್ತಾನೆ ಅಂತ. ಯಾರಾದರೂ ಹಾಗೆಂದರೆ ವರ್ಡಕ್ಕ ಹುಬ್ಬು ಗಂಟು ಹಾಕಿ, "ಇಲ್ಲಿರೋ ಸರಕು ನೋಡಿದ್ದೀನಲ್ಲ. ಇವರೇ ತಾನೇ ಅಲ್ಲಿಗೂ ಹೋಗೋದು?" ಅನ್ನುತ್ತಿದ್ದಳು.

ಕಾಲುವೆಯ ಈಚೆ, ದೊಡ್ಡ ಮನೆಯಲ್ಲಿ, ಕಿರ್ಸ್ಟೀನಳ ಮೊಮ್ಮಗಳು ರೇವಕ್ಕ. ಅಜ್ಜ ಒಬ್ಬನೇ, ಅಜ್ಜಿಯರು ಬೇರೆ. ರೇವಕ್ಕನ ಗಂಡ ಡೆಲ್ಮಾರಣ್ಣ ಟರ್ಕಿ ಕೋಳಿ ಸಾಕುತ್ತಿದ್ದ. ಕೋಳಿಗಳು ಎಷ್ಟು ಗಲಾಟೆಯೋ ಅವನು ಅಷ್ಟೇ ಮೌನಿ. ಆ ಮನೆಯ ಮಾತೆಲ್ಲ ರೇವಕ್ಕನದು. ಊರಿನ ಹೆಂಗಸರ ಸಂಘ ನಡೆಸುವವಳು, ಸಾವಿನ ಮನೆಗೆ ಯಾರು ಆಲೂಗಡ್ಡೆ ಪಲ್ಯ ತರಬೇಕು, ಯಾರು ಹಸಿರು ಜೆಲ್ಲಿ ತರಬೇಕು ಎಂದು ಹಂಚುವವಳು ಅವಳೇ. ಇವಳ ಬಾಯಿ, ವರ್ಡಕ್ಕನ ಮೌನ, ಎರಡೂ ಹೇಗೆ ಹೊಂದಿದವೋ! ಚಿಕ್ಕಂದಿನಿಂದ ಆ ಹಲಗೆಯ ಮೇಲೆ ಓಡಾಡಿ ಓಡಾಡಿ ಅದರ ನಡುವೆ ಗುಳಿ ಬಿದ್ದಿತ್ತು.

ಈಗ ನಾಟಕದ ವಿಷಯ ಹೇಳಬೇಕು. ಜುಲೈ ಇಪ್ಪತ್ನಾಲ್ಕು ನಮಗೆ ದೊಡ್ಡ ದಿನ. ಹಿರಿಯರು ಗಾಡಿ ಹೊಡೆದುಕೊಂಡು ಈ ನಾಡಿಗೆ ಬಂದಿಳಿದ ದಿನ. ಬೆಳಿಗ್ಗೆ ಮೆರವಣಿಗೆ. ಮಧ್ಯಾಹ್ನ ಯೋರ್ಗೆನ್ಸನ್ ಮನೆತನದ ಎರಡೂ ಕಡೆಯವರು ದೊಡ್ಡ ಮನೆಯ ಪಾಪ್ಲರ್ ಮರಗಳ ಕೆಳಗೆ ಸೇರುತ್ತಿದ್ದರು. ಊಟವಾದ ಮೇಲೆ ನಾಟಕ. ವರ್ಷ ವರ್ಷವೂ ಅದೇ ನಾಟಕ, ಅದೇ ಮೂರು ಜನ. ಡೆಲ್ಮಾರಣ್ಣ ಕುರಿಯುಣ್ಣೆಯ ಗಡ್ಡ ಅಂಟಿಸಿಕೊಂಡು ನೀಲ್ಸ್ ಆಗುತ್ತಿದ್ದ. ರೇವಕ್ಕ ಕಿರ್ಸ್ಟೀನ್. ವರ್ಡಕ್ಕ ಮಾರೆನ್.

ಕಥೆ ಇಷ್ಟೇ. ಆ ಕಾಲದಲ್ಲಿ ಗಂಡ ಎರಡನೆಯ ಮದುವೆಯಾಗುವಾಗ ಮೊದಲ ಹೆಂಡತಿಯೂ ಜೊತೆಗೆ ನಿಲ್ಲಬೇಕು. ಹೊಸಬಳ ಬಲಗೈಯನ್ನು ತಾನೇ ಹಿಡಿದು, ತಾನೇ ಗಂಡನ ಬಲಗೈಯಲ್ಲಿಡಬೇಕು. ನೀಲ್ಸ್, ಕಿರ್ಸ್ಟೀನ್, ಅವರ ಮನೆಯಲ್ಲಿ ಕೆಲಸಕ್ಕಿದ್ದ ಹದಿನೆಂಟರ ಹುಡುಗಿ ಮಾರೆನ್, ಮೂವರೂ ಒಂದೇ ಗಾಡಿಯಲ್ಲಿ ಸಾಲ್ಟ್ ಲೇಕ್ ನಗರಕ್ಕೆ ಹೋದರು. ಅಲ್ಲಿ ಕಿರ್ಸ್ಟೀನ್ ಎಳೆಬಿಸಿಲಿನಂಥ ನಗು ನಗುತ್ತಾ ಸವತಿಯ ಕೈಯನ್ನು ಗಂಡನ ಕೈಗಿಟ್ಟಳು. ಅದನ್ನು ನೋಡಿ ಅಲ್ಲಿದ್ದ ಹಿರಿಯರು ಕಣ್ಣೀರಿಟ್ಟರು ಅಂತ ಕಥೆ. ಪಾಪ್ಲರ್ ಮರದ ಕೆಳಗೆ ರೇವಕ್ಕನೂ ಹಾಗೇ ನಗುತ್ತಿದ್ದಳು, ವರ್ಡಕ್ಕನ ಕೈಯನ್ನು ಡೆಲ್ಮಾರಣ್ಣನ ಕೈಗಿಡುತ್ತಿದ್ದಳು. ಮುದುಕರು ಮೂಗೊರೆಸಿಕೊಳ್ಳುತ್ತಿದ್ದರು, ತಾಯಂದಿರು ಹೆಣ್ಣುಮಕ್ಕಳಿಗೆ "ನೋಡು, ಹಾಗಿರಬೇಕು ಮನಸ್ಸು" ಅನ್ನುತ್ತಿದ್ದರು. ವರ್ಡಕ್ಕ ಮಾತ್ರ ತನ್ನ ಕೈಯನ್ನೇ ನೋಡುತ್ತಾ ನಿಂತಿರುತ್ತಿದ್ದಳು. ನಾಚಿಕೆಯ ಪಾತ್ರ ಚೆನ್ನಾಗಿ ಮಾಡುತ್ತಾಳೆ ಎಂದು ಜನ ಹೊಗಳುತ್ತಿದ್ದರು.

ಇಪ್ಪತ್ತೈದು ವರ್ಷದ ಹಿಂದೆ, ಪೀಚ್ ಹಣ್ಣಿನ ಕಾಲದಲ್ಲಿ, ರೇವಕ್ಕನ ಹೊಟ್ಟೆಯಲ್ಲಿ ಗಡ್ಡೆಯಿದೆ ಎಂದು ಡಾಕ್ಟರು ಹೇಳಿದರು. ಕೊಯ್ದು ತೆಗೆಯಬೇಕು, ತೆಗೆದ ಮೇಲೇ ಅದು ಎಂಥದ್ದು ಅಂತ ಗೊತ್ತಾಗುವುದು ಅಂದರು. ಡಾಕ್ಟರು ಅಷ್ಟೇ ಹೇಳಿದ್ದು. ಉಳಿದದ್ದನ್ನು ರೇವಕ್ಕ ತಾನೇ ತೀರ್ಮಾನಿಸಿಕೊಂಡಳು.

ಮಾರನೆಯ ದಿನ ಹಲಗೆ ದಾಟಿ ಬಂದಳು. ಆಗ ನಾನೂ ಅಲ್ಲೇ ಇದ್ದೆ. ವರ್ಡಕ್ಕ ಹಿಟ್ಟು ನಾದುತ್ತಿದ್ದಳು.

"ವರ್ಡಾ, ನಾನು ಹೋಗ್ತೀನಿ ಕಣೆ."

"ಎಲ್ಲಿಗೆ, ಅಂಗಡಿಗಾ? ಹಾಗಾದ್ರೆ ಈಸ್ಟ್ ತಗೊಂಬಾ."

"ತಮಾಷೆ ಬೇಡ. ನಾನು ಉಳಿಯಲ್ಲ, ನಂಗೆ ಗೊತ್ತು. ಒಂದು ಮಾತು ಕೇಳ್ತೀನಿ, ಇಲ್ಲ ಅನ್ಬಾರ್ದು." ಕುರ್ಚಿ ಎಳೆದುಕೊಂಡು ಕೂತಳು. ಬೆನ್ನು ನೆಟ್ಟಗಿತ್ತು, ಸಂಘದ ಸಭೆ ನಡೆಸುವಾಗಿನ ಹಾಗೆ. "ನಾನು ಹೋದಮೇಲೆ ನೀನು ಡೆಲ್ಮಾರನ್ನ ಮದುವೆಯಾಗ್ಬೇಕು. ಬೆಟ್ಟದ ಮೇಲಿನ ಮಂದಿರದಲ್ಲಿ, ಶಾಶ್ವತಕ್ಕೆ."

ಇಲ್ಲಿ ಒಂದು ಮಾತು. ನಮ್ಮಲ್ಲಿ ಮಂದಿರದೊಳಗೆ ಕಟ್ಟಿದ ಮದುವೆಯ ಗಂಟು ಸಾವಿಗೂ ಬಿಚ್ಚುವುದಿಲ್ಲ. ಹೆಂಡತಿ ತೀರಿಕೊಂಡವನು ಇನ್ನೊಬ್ಬಳನ್ನು ಅಲ್ಲಿ ಮದುವೆಯಾದರೆ, ಮೇಲೆ ಹೋದಾಗ ಅವನಿಗೆ ಇಬ್ಬರೂ ಹೆಂಡತಿಯರೇ. ಭೂಮಿಯ ಮೇಲೆ ಮುಗಿದ ಸವತಿತನ ಅಲ್ಲಿ ಹಾಗೇ ಉಳಿದಿದೆ. ನಾವು ಹೆಂಗಸರು ಇದನ್ನು ಬಾಯಿಬಿಟ್ಟು ಮಾತಾಡುವುದಿಲ್ಲ. ಹಲ್ಲುನೋವಿನ ಹಾಗೆ, ಒಂದು ಕಡೆ ಇಟ್ಟುಕೊಂಡು ಇನ್ನೊಂದು ಕಡೆಯಿಂದ ಅಗಿಯುತ್ತಿರುತ್ತೇವೆ.

ವರ್ಡಕ್ಕನ ಕೈ ಹಿಟ್ಟಿನಲ್ಲೇ ನಿಂತಿತು. "ಡೆಲ್ಮಾರ್‌ಗೆ ಗೊತ್ತಾ?"

"ಅವನಿಗೆ ಯಾಕೆ ಗೊತ್ತಾಗ್ಬೇಕು? ನೀಲ್ಸಜ್ಜನಿಗೆ ಹೆಣ್ಣು ಹುಡುಕಿದ್ದೂ ನಮ್ಮಜ್ಜಿನೇ. ನೋಡು, ನೀನು ಒಂಟಿಯಾಗಿ ಮೇಲೆ ಬರೋದು ನಂಗಿಷ್ಟ ಇಲ್ಲ. ಯಾರೋ ಗೊತ್ತಿಲ್ಲದವಳು ಬಂದು ನನ್ನ ಹಣ್ಣಿನ ಬಾಟಲಿ, ನನ್ನ ಒಲೆ ಮುಟ್ಟೋದೂ ಇಷ್ಟ ಇಲ್ಲ. ನೀನಾದ್ರೆ ನಮ್ಮವಳು. ಕಿರ್ಸ್ಟೀನಜ್ಜಿ ನಗ್ತಾ ಕೊಟ್ಲು. ನಾನೂ ನಗ್ತಾನೇ ಕೊಡ್ತೀನಿ."

ನಗುತ್ತಲೇ ಇದ್ದಳು. ಆ ನಗು ನೋಡಿ ನನಗೆ ಅಳು ಬಂತು.

ಸಾಯುತ್ತೇನೆ ಅನ್ನುವವಳಿಗೆ ಏನಂತ ಉತ್ತರ ಕೊಡುವುದು? ವರ್ಡಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ರೇವಕ್ಕ ಅದನ್ನೇ ಹೂಂ ಅಂದುಕೊಂಡಳು. ಅವತ್ತಿನಿಂದ ಶುರುವಾಯಿತು ಪಾಠ. ಡೆಲ್ಮಾರಣ್ಣನ ಗ್ರೇವಿಗೆ ಹಿಟ್ಟು ಎಷ್ಟು ಹೊತ್ತು ಹುರಿಯಬೇಕು. ಅವನ ಎಡಗಾಲಿನ ಕಾಲುಚೀಲ ಯಾಕೆ ಬೇಗ ತೂತಾಗುತ್ತದೆ. ನೆಲಮಾಳಿಗೆಯಲ್ಲಿ ಯಾವ ಸಾಲು ಬೀನ್ಸು, ಯಾವ ಸಾಲು ಟೊಮೇಟೊ. ವರ್ಡಕ್ಕ ಶಾಲೆ ಮುಗಿಸಿ ಬಂದು ಆ ಮನೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಡೆಲ್ಮಾರಣ್ಣ ಒಳಗೆ ಬಂದರೆ ಇಬ್ಬರೂ ಬಾಯಿಮುಚ್ಚಿಬಿಡುತ್ತಿದ್ದರು. ಅವನು ಟೋಪಿ ತೆಗೆದು, ಇಬ್ಬರ ಮುಖವನ್ನೂ ನೋಡಿ, ಟೋಪಿ ಹಾಕಿಕೊಂಡು ಮತ್ತೆ ಕೋಳಿಗಳ ಹತ್ತಿರ ಹೋಗಿಬಿಡುತ್ತಿದ್ದ.

ಆ ವಾರ ಶಾಲೆಯಲ್ಲಿ ಬನ್ನು ಉಬ್ಬಲಿಲ್ಲ. ಕಲ್ಲಿನ ಹಾಗಿದ್ದ ಬನ್ನುಗಳನ್ನು ಮಕ್ಕಳು ತಟ್ಟೆಯಲ್ಲೇ ಬಿಟ್ಟು ಬಂದರು. ವರ್ಡಕ್ಕನಿಗೆ ಏನೋ ಆಗಿದೆ ಎಂದು ಊರಿಗೆಲ್ಲ ತಿಳಿದದ್ದು ಹಾಗೆ.

ತಿಂಗಳ ಭೇಟಿಗೆ ಇಬ್ಬರೂ ನಡೆದು ಹೋಗುತ್ತಿದ್ದೆವು. ನಾನೇ ಬಾಯಿಬಿಟ್ಟೆ. "ವರ್ಡಕ್ಕ, ನಿಂಗೆ ಡೆಲ್ಮಾರಣ್ಣ ಬೇಕಾ?"

"ನೋಡು ಅಯೋನ್, ಅವನು ಒಳ್ಳೆಯವನು. ಒಳ್ಳೆಯವನು ಅಂತ ಮದುವೆಯಾಗೋದಾದ್ರೆ ನಮ್ಮ ಪೋಸ್ಟ್‌ಮನ್ನೂ ಒಳ್ಳೆಯವನೇ."

"ಹಾಗಾದ್ರೆ ಬೇಡ ಅನ್ನು."

"ಬೇಡ ಅಂದ್ರೆ ಅವಳು ನೊಂದ ಮನಸ್ಸಲ್ಲಿ ಚಾಕು ಕೆಳಗೆ ಮಲಗ್ತಾಳೆ. ಹೂಂ ಅಂದ್ರೆ ನಾನು ನಮ್ಮಜ್ಜಿ ಆಗ್ತೀನಿ. ಅವಳ ಹಾಗೇ ಇಲ್ಲೂ ಎರಡನೆಯವಳು. ಸತ್ತಮೇಲೂ." ದಾರಿಯುದ್ದಕ್ಕೂ ಸೇಜ್ ಗಿಡದ ವಾಸನೆ. "ಅವಳಿಗೆ ಹೇಳಬಹುದಾದ ಮಾತು ಒಂದಿದೆ. ಹೇಳಿದ್ರೆ ಅವಳ ಎದೆ ಹಗುರ ಆಗುತ್ತೋ ಒಡೆದು ಹೋಗುತ್ತೋ ಗೊತ್ತಿಲ್ಲ. ಅದೂ ಅಲ್ದೆ, ಹೇಳಲ್ಲ ಅಂತ ಸತ್ತವಳಿಗೆ ಮಾತು ಕೊಟ್ಟಿದ್ದೀನಿ."

ಯಾರಿಗೆ, ಏನು ಅಂತ ಕೇಳಿದೆ. ಅವಳು ಹೆಜ್ಜೆ ಜೋರು ಮಾಡಿದಳು.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ರೇವಕ್ಕ ಪೀಚ್ ಬಾಟಲಿಗೆ ತುಂಬಲು ಕೂತಳು. ಹೊಟ್ಟೆ ಹಿಡಿದುಕೊಂಡೇ. ಬೇಡ ಅಂದರೆ ಕೇಳಬೇಕಲ್ಲ! "ಚಳಿಗಾಲದಲ್ಲಿ ನಾನಿಲ್ದೆ ಇದ್ರೂ ನನ್ನ ಪೀಚ್ ಇರ್ಬೇಕು" ಅಂದಳು. ನಾನೂ ವರ್ಡಕ್ಕನೂ ಕೂತು ಬಿಸಿನೀರಿನಲ್ಲಿ ಅದ್ದಿದ ಹಣ್ಣುಗಳ ಸಿಪ್ಪೆ ಸುಲಿಯುತ್ತಿದ್ದೆವು. ಒಲೆಯ ಮೇಲೆ ಸಕ್ಕರೆ ಪಾಕದಲ್ಲಿ ಒಂದು ದೊಡ್ಡ ಪಾತ್ರೆ ಹಣ್ಣು ಕುದಿಯುತ್ತಿತ್ತು. ಮೂವರ ಕೈಯೂ ಮೊಣಕೈವರೆಗೆ ಅಂಟು.

ಮಧ್ಯಾಹ್ನ ಡೆಲ್ಮಾರಣ್ಣ ನೀರು ಕುಡಿಯಲು ಒಳಗೆ ಬಂದ. ರೇವಕ್ಕ ಚಾಕು ಕೆಳಗಿಟ್ಟಳು.

"ನಿಂತ್ಕೊಳ್ಳಿ. ಇಲ್ಲೇ, ಈಗ್ಲೇ ಮುಗಿಸಿಬಿಡೋಣ. ಅಯೋನ್ ಸಾಕ್ಷಿ."

"ಏನು ಮುಗಿಸೋದು?" ಅಂದ ಡೆಲ್ಮಾರಣ್ಣ.

"ನಾನು ಹೋದಮೇಲೆ ನೀನು ವರ್ಡಾನ ಮದುವೆಯಾಗ್ತೀಯ. ಬಲಗೈ ಚಾಚು."

ಅವನು ನೀರಿನ ಲೋಟ ಹಿಡಿದು ಹಾಗೇ ನಿಂತುಬಿಟ್ಟ. ಪಾಪ, ಆ ಮನುಷ್ಯನ ಬಾಯಿಂದ ಬಂದದ್ದು ಒಂದೇ ಮಾತು. "ಗಡ್ಡ ಇಲ್ವಲ್ಲೇ."

"ಗಡ್ಡ ಬೇಡ. ಇದು ನಾಟಕ ಅಲ್ಲ."

ಲೋಟ ಇಟ್ಟು, ಹೆಂಡತಿ ಹೇಳಿದ್ದಕ್ಕೆ ಎದುರಾಡಿ ಗೊತ್ತಿಲ್ಲದವನು, ಕೈ ಚಾಚಿದ. ರೇವಕ್ಕ ವರ್ಡಕ್ಕನ ಬಲಗೈ ಹಿಡಿದಳು. ಮುಖದ ಮೇಲೆ ಅದೇ ಎಳೆಬಿಸಿಲಿನ ನಗು. ಕೈಯನ್ನು ಗಂಡನ ಕೈಯ ಕಡೆಗೆ ತಂದಳು. ತಂದಳು, ಆದರೆ ಬಿಡಲಿಲ್ಲ. ಎರಡು ಕೈಗಳ ನಡುವೆ ಒಂದು ಗೇಣು ಜಾಗ ಹಾಗೇ ಉಳಿಯಿತು. ನಗು ಮಾತ್ರ ಮುಖದ ಮೇಲೆ ಮೊಳೆ ಹೊಡೆದ ಹಾಗಿತ್ತು. ಆಮೇಲೆ ಅದೂ ಕುಸಿಯಿತು.

"ನನ್ನ ಕೈಲಿ ಆಗ್ತಿಲ್ಲ" ಅಂದಳು. ಸಂಘ ನಡೆಸುವ ದನಿಯಲ್ಲ ಅದು, ಚಿಕ್ಕ ಹುಡುಗಿಯ ದನಿ. "ಇಪ್ಪತ್ತು ವರ್ಷ ಮರದ ಕೆಳಗೆ ಕೊಟ್ನಲ್ಲ, ಈಗ ಆಗ್ತಿಲ್ಲ. ವರ್ಡಾ, ನನ್ನ ಮನಸ್ಸು ಇಷ್ಟು ಸಣ್ಣದು ನೋಡು. ನಾಳೆ ಸತ್ತು ಮೇಲೆ ಹೋದ್ರೆ ಕಿರ್ಸ್ಟೀನಜ್ಜಿ ಬಾಗಿಲಲ್ಲೇ ನಿಂತಿರ್ತಾಳೆ. ನಾನು ನಗ್ತಾ ಕೊಟ್ಟೆ, ನೀನ್ಯಾಕೆ ಕೊಡ್ಲಿಲ್ಲ ಅಂತ ಕೇಳ್ತಾಳೆ. ಏನು ಹೇಳ್ಲಿ? ಅವಳ ಮುಖ ಹೇಗೆ ನೋಡ್ಲಿ?"

ವರ್ಡಕ್ಕ ತನ್ನ ಕೈ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಅಂಟು ಕೈಯನ್ನು ರೇವಕ್ಕನ ಕೈಯ ಮೇಲಿಟ್ಟಳು. ಕಿಟಕಿಯಾಚೆ, ಕಾಲುವೆಯಾಚೆ, ತನ್ನ ಮನೆಯ ಬಾಗಿಲ ಕಡೆ ಒಮ್ಮೆ ನೋಡಿದಳು, ಅಲ್ಲಿ ಯಾರಿಂದಲೋ ಅಪ್ಪಣೆ ಕೇಳುವವಳ ಹಾಗೆ.

"ರೇವಾ, ಒಂದು ಮಾತು ಹೇಳ್ತೀನಿ. ಮಾರೆನಜ್ಜಿಯ ಬಲಗೈ ನೆನಪಿದೆಯಾ ನಿಂಗೆ?"

"ನೆನಪಿಲ್ದೆ ಏನು? ಎಷ್ಟು ಸಲ ಕುಕೀ ಕೊಟ್ಟಿದ್ದಾಳೆ ಆ ಕೈಯಲ್ಲಿ."

"ಹೆಬ್ಬೆರಳಿನ ಬುಡದಲ್ಲಿ, ಇಲ್ಲಿ, ಅರ್ಧಚಂದ್ರದ ಹಾಗೆ ಒಂದು ಕಲೆ ಇತ್ತು."

"ಇತ್ತು. ಒಲೆ ಸುಟ್ಟದ್ದು ಅಂತಿದ್ಲು."

"ಒಲೆ ಅಲ್ಲ, ಉಗುರು. ನಿಮ್ಮಜ್ಜಿ ಉಗುರು."

ರೇವಕ್ಕನ ಅಳು ಅರ್ಧಕ್ಕೇ ನಿಂತಿತು.

"ಸಾಲ್ಟ್ ಲೇಕಿನಲ್ಲಿ, ಕೈ ಹಿಡಿದು ಕೊಟ್ಲಲ್ಲ, ಆವಾಗ. ನಗ್ತಿದ್ದದ್ದು ನಿಜ. ಎಲ್ಲರೂ ನಗು ನೋಡಿದ್ರು. ಹೆಬ್ಬೆರಳಿನ ಉಗುರು ಮಾತ್ರ ಚರ್ಮದೊಳಗೆ ಇಳಿದಿತ್ತು. ನಮ್ಮಜ್ಜಿ ಕೂಗಲಿಲ್ಲ, ಕೂಗೋ ಜಾಗ ಅಲ್ಲ ಅದು. ರಕ್ತಾನ ಲಂಗದ ನೆರಿಗೆಯಲ್ಲಿ ಮುಚ್ಚಿಟ್ಕೊಂಡ್ಲಂತೆ. ಸಾಯೋ ಮುಂಚೆ ನಂಗೆ ಹೇಳಿದ್ಲು, 'ಆವತ್ತು ಆ ಕೋಣೆಯಲ್ಲಿ ಎಲ್ಲರೂ ಏನು ಹೇಳ್ಬೇಕೋ ಅದನ್ನೇ ಹೇಳಿದ್ರು. ನಿಜ ಹೇಳಿದ್ದು ಆ ಉಗುರೊಂದೇ' ಅಂತ."

ಒಲೆಯ ಮೇಲೆ ಪಾತ್ರೆ ಕುದಿಯುತ್ತಲೇ ಇತ್ತು. ರೇವಕ್ಕ ವರ್ಡಕ್ಕನ ಹೆಬ್ಬೆರಳನ್ನು ತಿರುಗಿಸಿ ನೋಡಿದಳು.

"ರಕ್ತ ಬಂತಾ?"

"ಬಂತು."

"ತುಂಬಾನಾ?"

"ಲಂಗಕ್ಕೆ ಕಲೆಯಾಗೋವಷ್ಟು."

"ಅಯ್ಯೋ ನಮ್ಮಜ್ಜಿ!" ಅಂದಳು ರೇವಕ್ಕ. ಕಣ್ಣಲ್ಲಿ ನೀರು ಇನ್ನೂ ಹರಿಯುತ್ತಲೇ ಇತ್ತು, ಆದರೆ ಬಾಯಿಂದ ಬಂದದ್ದು ನಗು. ಮೊಳೆ ಹೊಡೆದ ನಗುವಲ್ಲ, ಹೊಟ್ಟೆಯೊಳಗಿಂದ ಕಿತ್ತುಕೊಂಡು ಬಂದದ್ದು. ಹೊಟ್ಟೆ ನೋವೆಂದು ಒತ್ತಿ ಹಿಡಿದುಕೊಂಡು, ಸಿಪ್ಪೆ ಬಿದ್ದ ನೆಲದ ಮೇಲೇ ಕೂತುಬಿಟ್ಟಳು. "ಅಯ್ಯೋ ನನ್ನ ಬಂಗಾರದ ಅಜ್ಜಿ! ಇಷ್ಟು ವರ್ಷ ಅವಳ ಫೋಟೋ ಕೆಳಗೆ ಉಸಿರು ಬಿಗಿಹಿಡ್ಕೊಂಡು ಬದುಕಿದ್ನಲ್ಲೇ! ಯಾಕೆ ಹೇಳ್ಲಿಲ್ಲ ನೀನು?"

"ಹೇಳ್ಬೇಡ ಅಂದಿದ್ಲು ನಮ್ಮಜ್ಜಿ. ಅದಕ್ಕೂ ಒಂದು ಕಥೆ ಇದೆ." ವರ್ಡಕ್ಕನೂ ಅವಳ ಪಕ್ಕ ನೆಲದ ಮೇಲೆ ಕೂತಳು. "ಸರ್ಕಾರದವರು ಇಬ್ಬರು ಹೆಂಡಿರ ಗಂಡಸರನ್ನ ಹಿಡಿಯೋಕೆ ಬಂದ್ರಲ್ಲ, ಆಗ ನಮ್ಮಜ್ಜಿ ಬಸುರಿ. ಅವಳನ್ನ ಕಂಡ್ರೆ ನೀಲ್ಸಜ್ಜನಿಗೆ ಜೈಲು. ನಿಮ್ಮಜ್ಜಿ ಅವಳನ್ನ ಈ ಮನೆ ಕೆಳಗೇ, ಆಲೂಗಡ್ಡೆ ನೆಲಮಾಳಿಗೆಯಲ್ಲಿ ಬಚ್ಚಿಟ್ಲು. ದಿನಾ ಬಿಸಿಹಾಲು ತಗೊಂಡು ಇಳಿದು ಬರ್ತಿದ್ಲಂತೆ. ಒಂದಿನ ದೀಪದ ಬೆಳಕಲ್ಲಿ ಲೋಟ ಕೊಡುವಾಗ ಆ ಕಲೆ ಕಂಡಿದೆ. 'ಇನ್ನೂ ಹೋಗಿಲ್ವಾ?' ಅಂದ್ಲು. ನಮ್ಮಜ್ಜಿ 'ಇಲ್ಲ' ಅಂದ್ಲು. ನಿಮ್ಮಜ್ಜಿ ಸುಮಾರು ಹೊತ್ತು ನೋಡಿ, 'ಇರ್ಲಿ ಬಿಡು. ಒಬ್ಬರಿಗಾದ್ರೂ ಗೊತ್ತಿರ್ಬೇಕು' ಅಂದ್ಲಂತೆ. ಇಬ್ಬರೂ ಆಲೂಗಡ್ಡೆ ಮೂಟೆ ಮೇಲೆ ಕೂತು ನಕ್ಕರಂತೆ. ಆಮೇಲೆ ಊರೆಲ್ಲ ನಿಮ್ಮಜ್ಜಿ ನಗುವಿನ ಕಥೆ ಹೇಳೋಕೆ ಶುರು ಮಾಡ್ತು. ನಮ್ಮಜ್ಜಿ ನಂಗೆ, 'ಕಿರ್ಸ್ಟೀನ್ ಆ ನಗು ದುಡಿದು ಸಂಪಾದಿಸಿದ್ದು. ಅವಳ ಹತ್ರಾನೇ ಇರ್ಲಿ, ಕಿತ್ಕೋಬೇಡ' ಅಂದ್ಲು. ಅದಕ್ಕೇ ಬಾಯಿಮುಚ್ಚಿಕೊಂಡಿದ್ದೆ."

"ಈಗ ಮಾತು ಮುರಿದ್ಯಲ್ಲ."

"ನಮ್ಮಜ್ಜಿ ಬೈದ್ರೆ ನಾನು ನೋಡ್ಕೋತೀನಿ."

ರೇವಕ್ಕ ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡಳು. ಸಕ್ಕರೆ ಪಾಕ ಮೂಗಿಗೆಲ್ಲ ಮೆತ್ತಿತು. "ಹಾಗಾದ್ರೆ, ನಾನು ಕೊಡ್ಲೇಬೇಕು ಅಂತೇನಿಲ್ಲ?"

"ಹಾಗಾದ್ರೆ ನಾನು ತಗೊಳ್ಲೇಬೇಕು ಅಂತೇನಿಲ್ಲ?"

"ನಿಂಗೆ ಬೇಡ್ವಾ ಅವನು?" ರೇವಕ್ಕನ ದನಿಯಲ್ಲಿ ಸಣ್ಣ ಸಿಟ್ಟೂ ಇತ್ತು. ತನ್ನ ಗಂಡನನ್ನು ಬೇಡ ಅಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ! "ಏನು ಕಮ್ಮಿಯಾಗಿದೆ ಅವನಿಗೆ?"

"ಏನೂ ಕಮ್ಮಿಯಿಲ್ಲ. ಆ ಉಣ್ಣೆ ಗಡ್ಡದಲ್ಲಿ ಅಷ್ಟು ವರ್ಷ ನೋಡಿದ್ದು ಸಾಕು ಅಷ್ಟೇ. ನಂಗೆ ನನ್ನ ಮನೆ ಇಷ್ಟ ರೇವಾ. ಬಾಗಿಲು ಹಾಕಿದ್ರೆ ಒಳಗೆ ನಾನೊಬ್ಬಳೇ ಇರೋದು ಇಷ್ಟ. ಹಲಗೆ ದಾಟಿ ಬಂದ್ರೆ ನೀನಿರೋದು ಇಷ್ಟ."

"ನನ್ನನ್ನ ಯಾರಾದ್ರೂ ಕೇಳ್ತೀರಾ?" ಅಂದ ಡೆಲ್ಮಾರಣ್ಣ. ಅವನ ಬಲಗೈ ಇನ್ನೂ ಚಾಚಿಕೊಂಡೇ ಇತ್ತು.

"ಇಲ್ಲ!" ಎಂದರು ಇಬ್ಬರೂ ಒಟ್ಟಿಗೆ.

ಅವನು ಕೈಯನ್ನೊಮ್ಮೆ ನೋಡಿ ಜೇಬಿನೊಳಗೆ ಇಳಿಬಿಟ್ಟ. ದೊಡ್ಡದೊಂದು ಉಸಿರು ಬಿಟ್ಟ. ಆ ಉಸಿರಿನಲ್ಲೇ ಅವನ ಇಡೀ ಭಾಷಣವಿತ್ತು. ಆಮೇಲೆ ಮೂಗರಳಿಸಿ, "ಏನೋ ಸೀಯ್ತಿದೆ" ಅಂದ. ಪಾತ್ರೆಯಲ್ಲಿದ್ದ ಹಣ್ಣೆಲ್ಲ ಕರಗಿ, ಪಾಕ ಕೆಂಪಾಗಿ, ತಳ ಹಿಡಿಯುತ್ತಿತ್ತು. ಆ ವರ್ಷ ನಮಗೆಲ್ಲರಿಗೂ ಸುಟ್ಟ ವಾಸನೆಯ ಪೀಚ್ ಜಾಮ್ ಹಂಚಿಕೆಯಾಯಿತು. ಅಂಥ ರುಚಿಯ ಜಾಮ್ ನಾನು ಮತ್ತೆ ತಿಂದಿಲ್ಲ.

ನಾವು ಮನೆಗೆ ಹೊರಡುವ ಮುನ್ನ ರೇವಕ್ಕ ಕೇಳಿದಳು, ನಗದೆ. "ವರ್ಡಾ, ಮೇಲೆ ಹೇಗೋ? ಅಲ್ಲಿ ನೀಲ್ಸಜ್ಜ, ಇಬ್ಬರು ಅಜ್ಜಿಯರು. ನಿಜವಾಗ್ಲೂ ಹಾಗೇನಾ ಇರೋದು ಅಲ್ಲಿ?"

"ನಂಗೇನು ಗೊತ್ತು? ಅಲ್ಲೂ ಒಂದು ಕಾಲುವೆ ಇದ್ದೇ ಇರುತ್ತೆ ಬಿಡು. ಕಾಲುವೆ ಇದ್ದಮೇಲೆ ಹಲಗೆ ಹಾಕೋದು, ಎಳ್ಕೊಳ್ಳೋದು ಅಜ್ಜಿಯರಿಗೆ ಗೊತ್ತಿದೆ."

ಇದು ಉತ್ತರವೋ ಅಲ್ಲವೋ ನನಗೆ ಇಂದಿಗೂ ತಿಳಿಯದು. ರೇವಕ್ಕನಿಗೆ ಅಂದಿಗೆ ಅಷ್ಟು ಸಾಕಾಯಿತು. ಮರುದಿನ ನಿದ್ದೆಗೆಟ್ಟ ಮುಖದ ಬದಲು ತುಂಬಾ ನಿದ್ದೆ ಮಾಡಿದ ಮುಖ ಹೊತ್ತು ಆಸ್ಪತ್ರೆಗೆ ಹೋದಳು. ಗಡ್ಡೆಯನ್ನು ತೆಗೆದರು. ಅಪಾಯವಿಲ್ಲದ ಸಾಧು ಗಡ್ಡೆ. "ಪೀಚ್ ಹಣ್ಣಿನಷ್ಟು ಇತ್ತಂತೆ. ಸಿಪ್ಪೆ ಸುಲಿದು ಬಾಟಲಿಗೆ ಹಾಕಿ ಕೊಡಿ ಅಂದೆ ಡಾಕ್ಟರಿಗೆ" ಎಂದು ಮನೆಗೆ ಬಂದ ದಿನವೇ ಮಂಚದಿಂದ ಕೂಗಿ ಹೇಳಿದಳು. ಮಾರನೆಯ ದಿನ ಶಾಲೆಯಲ್ಲಿ ಬನ್ನುಗಳು ದಿಂಬಿನ ಹಾಗೆ ಉಬ್ಬಿದವು. ನನ್ನ ಮಗ ಎರಡನ್ನು ಜೇಬಿಗೆ ಹಾಕಿಕೊಂಡು ಮನೆಗೆ ತಂದಿದ್ದ.

ಮುಂದಿನ ಜುಲೈ ಬಂತು. ಊಟವಾಯಿತು. ಎರಡೂ ಕಡೆಯ ಜನ ಮರದ ಕೆಳಗೆ ಕೂತರು. ಡೆಲ್ಮಾರಣ್ಣ ಗಡ್ಡ ಅಂಟಿಸಿಕೊಂಡು ಬಂದ. ರೇವಕ್ಕ ಎಳೆಬಿಸಿಲಿನ ನಗು ನಕ್ಕಳು. ವರ್ಡಕ್ಕನ ಕೈ ಹಿಡಿದಳು. ಮುದುಕರು ಕರವಸ್ತ್ರ ತೆಗೆದರು. ಅಷ್ಟರಲ್ಲಿ ವರ್ಡಕ್ಕ, "ಅಯ್ಯಯ್ಯೋ!" ಎಂದು ಕಾಲುವೆಯಾಚೆಗೂ ಕೇಳಿಸುವಂತೆ ಕಿರುಚಿದಳು.

ಮಕ್ಕಳು ಘೊಳ್ಳೆಂದರು. ರೇವಕ್ಕನ ಹಿರಿಯಣ್ಣ ಲೀಹೈ ಎದ್ದು ನಿಂತ. "ಇದೇನಿದು? ಇದು ಕಥೆಯಲ್ಲಿಲ್ಲ!"

"ಕಥೆಯಲ್ಲಿರಲಿಲ್ಲ ಅಣ್ಣ, ಕೈಯಲ್ಲಿತ್ತು. ಕೂತ್ಕೋ, ಹೇಳ್ತೀನಿ" ಅಂದಳು ರೇವಕ್ಕ. ಉಗುರಿನ ಕಥೆಯನ್ನೂ, ನೆಲಮಾಳಿಗೆಯ ಬಿಸಿಹಾಲಿನ ಕಥೆಯನ್ನೂ, ಎರಡನ್ನೂ ಹೇಳಿದಳು. ಲೀಹೈಯಣ್ಣ ಕೂತ. ಗಂಡಸರು ಹುಲ್ಲು ಕಿತ್ತರು, ಬೆಟ್ಟ ನೋಡಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ, ಬಿಗಿಯಾಗಿ ಕಟ್ಟಿದ್ದ ಮೂಟೆಯ ಬಾಯಿ ಯಾರೋ ಸಡಿಲಿಸಿದ ಹಾಗೆ, ಆ ಸಾಲುಗಳಿಂದ ಒಂದು ಉಸಿರು ಬಂತು.

ಜೆಲ್ಲಿಯ ಮೇಜಿನ ಹತ್ತಿರ ಒಬ್ಬೊಬ್ಬರೇ ಬಂದು ವರ್ಡಕ್ಕನ ಪಕ್ಕ ನಿಂತರು. ಒಬ್ಬಳು ಹೇಳಿದಳು, "ನಮ್ಮ ತಾಯಿ ಕಡೆ ಅಜ್ಜಿ ಸವತಿ ಮದುವೆ ಕೇಕಿಗೆ ಸಕ್ಕರೆ ಬದಲು ಉಪ್ಪು ಹಾಕಿದ್ಲಂತೆ. ಯಾರಿಗೂ ಹೇಳ್ಬೇಡಿ." ಇನ್ನೊಬ್ಬಳು, "ನಮ್ಮ ಮುತ್ತಜ್ಜಿ, ಗಂಡ ಆ ಮನೆಗೆ ಹೋದಾಗೆಲ್ಲ ಅಂಗಳದಲ್ಲಿ ನಿಂತು ಕೀರ್ತನೆ ಹಾಡ್ತಿದ್ಲು. ಪೂರ್ತಿ ಪುಸ್ತಕ. ದೇವರ ಹಾಡು, ಯಾರು ನಿಲ್ಸೋಕಾಗುತ್ತೆ?" ನಗು ಮೇಜಿನ ಸುತ್ತ ಹರಡಿತು. ಕೊನೆಗೆ ಒಬ್ಬಳು ಚಿಕ್ಕ ವಯಸ್ಸಿನವಳು, ಕಂಕುಳಲ್ಲಿ ಕೂಸು, ಮೆಲ್ಲಗೆ ಅಂದಳು. "ನಮ್ಮ ಮುತ್ತಜ್ಜಿ ಏನೂ ಮಾಡ್ಲಿಲ್ಲ ಅಕ್ಕ. ಸುಮ್ನಿದ್ಲು. ಅದಕ್ಕೇ ಅವಳ ಬಗ್ಗೆ ಯಾರಿಗೂ ಏನೂ ಗೊತ್ತಿಲ್ಲ."

ವರ್ಡಕ್ಕ ಬುಟ್ಟಿಯಿಂದ ಒಂದು ಬನ್ನು ತೆಗೆದು, ಮುರಿದು, ಬೆಣ್ಣೆ ಸವರಿ, ಆ ಹುಡುಗಿಯ ಕೈಗಿಟ್ಟಳು. ಅವಳು ತಿಂದು ಮುಗಿಸುವವರೆಗೂ ಕೂಸನ್ನು ತಾನೇ ಎತ್ತಿಕೊಂಡು ನಿಂತಳು.

ನಾಟಕ ನಿಲ್ಲಲಿಲ್ಲ. ಪ್ರತಿ ಜುಲೈಯಲ್ಲೂ ರೇವಕ್ಕ ಚಿವುಟಿದಳು, ವರ್ಡಕ್ಕ ಕಿರುಚಿದಳು. ಕಿರುಚುವುದನ್ನು ಕೇಳಲೆಂದೇ ಬೇರೆ ಮನೆತನದವರೂ ಬರತೊಡಗಿದರು. ಡೆಲ್ಮಾರಣ್ಣ ತೀರಿಕೊಂಡ ಮೇಲೆ ಗಡ್ಡವನ್ನು ಅವನ ಮಗ ಹಾಕಿಕೊಂಡ.

ಮೊನ್ನೆ ಮಾರ್ಚಿನಲ್ಲಿ, ನಮ್ಮ ಕ್ರಮದಂತೆ, ವರ್ಡಕ್ಕನಿಗೆ ಕೊನೆಯ ಬಿಳಿಬಟ್ಟೆ ತೊಡಿಸಲು ನಾನೂ ರೇವಕ್ಕನೂ ಹೋದೆವು. ಎಂಬತ್ತರ ರೇವಕ್ಕ ಯಾರ ಆಸರೆಯೂ ಬೇಡವೆಂದು ಹಲಗೆ ದಾಟಿ ಬಂದಳು. ತೋಳು ತೊಡಿಸಿ, ಗುಂಡಿ ಹಾಕಿ, ಕೂದಲು ಬಾಚಿದೆವು. ಕೊನೆಗೆ ರೇವಕ್ಕ ಅವಳ ಬಲಗೈಯನ್ನೆತ್ತಿ, ಕಿಟಕಿಯ ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನ ಬುಡವನ್ನು ಕನ್ನಡಕದೊಳಗಿಂದ ನೋಡಿದಳು.

"ಅಷ್ಟು ವರ್ಷ ಚಿವುಟಿದ್ದೀನಿ, ಒಂದು ಗೀರಾದ್ರೂ ಬಿದ್ದಿದೆಯಾ ನೋಡು. ಸುಮ್ಸುಮ್ನೆ ಕಿರುಚ್ತಿದ್ಲು ಕಳ್ಳಿ."

ಆ ಕೈಯನ್ನು ಒಂದಿಷ್ಟು ಹೊತ್ತು ತನ್ನ ಎರಡೂ ಕೈಗಳಲ್ಲಿ ಬೆಚ್ಚಗೆ ಹಿಡಿದುಕೊಂಡಳು. ಆಮೇಲೆ ಅದನ್ನು ವರ್ಡಕ್ಕನ ಎದೆಯ ಮೇಲೇ ಇಟ್ಟು, ತೋಳಿನ ನೆರಿಗೆ ಸರಿಮಾಡಿದಳು.